ಕೋವಿಯ ಜಾತಕ

ಕೊಡಗಿನಲ್ಲಿರುವ ನಮ್ಮ ಹಿರಿಯರ ಮನೆಯ ನಡುಕೋಣೆಯ ಗೋಡೆಯ ಮೇಲೆ ಒಂದು ಹಳೆಯ ಕೋವಿ ಇದೆ. ನೆಲಕ್ಕೂರಿ ನಿಲ್ಲಿಸಿದರೆ ನನ್ನ ಹೆಗಲಿಗೆ ಬರುತ್ತದೆ. ವರ್ಷಕ್ಕೊಮ್ಮೆ ಕೈಲು ಮುಹೂರ್ತದ ದಿನ ಅದನ್ನು ಇಳಿಸಿ, ಎಣ್ಣೆ ಒರೆಸಿ, ನಮ್ಮ ಕೊಡವ ನೆರೆಯವರು ‘ತೋಕ್ ಪೂ’ ಎನ್ನುವ ಕೆಂಪು ಹಳದಿ ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿ ಪೂಜಿಸುವುದು ವಾಡಿಕೆ. ಚಿಕ್ಕವರಾಗಿದ್ದಾಗ ನಮಗೆ ಅದನ್ನು ಮುಟ್ಟುವ ಅಧಿಕಾರವಿರಲಿಲ್ಲ. ಅದರ ಕಥೆ ಕೇಳುವ ಅಧಿಕಾರವಿತ್ತು.

ಕಥೆ ಇಷ್ಟು. 1834ರಲ್ಲಿ ಕಂಪನಿಯವರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕೈವಶ ಮಾಡಿಕೊಂಡರು. ಅಮರ ಸುಳ್ಯದ ಸೀಮೆಯನ್ನು ಕನ್ನಡ ಜಿಲ್ಲೆಗೆ ಸೇರಿಸಿ, ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. ರೈತರು ದಂಗೆಯೆದ್ದರು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ಆ ದಂಡು 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದ ಮೇಲೆ ತನ್ನ ಬಾವುಟವನ್ನೇರಿಸಿತು. ಇಷ್ಟು ಚರಿತ್ರೆ. ಮುಂದಿನದು ನಮ್ಮ ಮನೆಯ ಮಾತು: ಆ ದಂಡಿನಲ್ಲಿ ನಮ್ಮ ಹಿರಿಯನೊಬ್ಬನಿದ್ದ, ಕಂಪನಿಯ ಸಿಪಾಯಿಯ ಕೈಯಿಂದ ಈ ಕೋವಿಯನ್ನು ಕಿತ್ತುಕೊಂಡು ಘಟ್ಟ ಹತ್ತಿ ಬಂದ.

ಕುಟುಂಬದ ಚರಿತ್ರೆಯೊಂದನ್ನು ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂದು ಹೋದ ವರ್ಷ ತೀರ್ಮಾನವಾಯಿತು. “ನೀನು ಎಂ.ಎ. ಓದಿದವನು, ಬರೆದುಕೊಡು. ಮೊದಲ ಪುಟದಲ್ಲಿ ಕೋವಿಯ ಚಿತ್ರವಿರಲಿ,” ಎಂದರು ದೊಡ್ಡಪ್ಪ. ಅಕ್ಷರದ ದುಂಡು ನೋಡಿ ಶಾಸನದ ಕಾಲ ಹೇಳುವುದನ್ನು ವಿದ್ಯಾರ್ಥಿಗಳಿಗೆ ಇಪ್ಪತ್ತು ವರ್ಷದಿಂದ ಕಲಿಸುತ್ತಿರುವ ನಾನು, ನಮ್ಮ ಮನೆಯ ಗೋಡೆಯ ಮೇಲಿನ ಅಕ್ಷರವನ್ನು ಒಮ್ಮೆಯೂ ಓದಿರಲಿಲ್ಲ.

ಕುದುರೆಯ ಕೆಳಗಿನ ಉಕ್ಕಿನ ಪಟ್ಟಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿದಾಗ ಮೊದಲು ಕಂಡದ್ದು ಒಂದು ಕಿರೀಟ. ಅದರಡಿ ‘ವಿ’, ‘ಆರ್’ ಎಂಬ ಎರಡು ಇಂಗ್ಲಿಷ್ ಅಕ್ಷರ. ವಿಕ್ಟೋರಿಯಾ ರಾಣಿಯ ಮುದ್ರೆ. ಆಕೆ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು. ಬಾವುಟಗುಡ್ಡದ ಘಟನೆ ನಡೆದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನು ನಾಲ್ಕನೆಯ ವಿಲಿಯಂ. ಎರಡೂವರೆ ತಿಂಗಳ ಅಂತರವನ್ನು ಹೇಗಾದರೂ ಹೊಂದಿಸಬಹುದೇ ಎಂದು ಮನಸ್ಸು ಲೆಕ್ಕ ಹಾಕಿತೆಂಬುದನ್ನು ಮುಚ್ಚಿಡುವುದಿಲ್ಲ. ಮರುದಿನ ಇನ್ನಷ್ಟು ಉಜ್ಜಿದೆ. ‘ಟವರ್’ ಎಂಬ ಹೆಸರು, ಮೇಲೆ ಇಸವಿ: 1859.

ಅಲ್ಲಿಗೆ ಲೆಕ್ಕ ಮುಗಿಯಿತು. ಆಮೇಲೆ ಪುಸ್ತಕಗಳನ್ನು ತಿರುವಿದಂತೆ, ಮುದ್ರೆಯೇ ಇಲ್ಲದಿದ್ದರೂ ಇದು ಗೊತ್ತಾಗಬೇಕಿತ್ತೆಂದು ತಿಳಿಯಿತು. 1837ರ ಸಿಪಾಯಿಯ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಕೋವಿ; ಕಂಪನಿಯ ಕೋವಿಯಾದರೆ ಅದರ ಮೇಲೆ ಕಿರೀಟ ಹಿಡಿದು ನಿಂತ ಸಿಂಹವಿರಬೇಕು. ನಮ್ಮದು ಕೇಪಿನ ಕೋವಿ. 1853ರ ಮಾದರಿಯ ಎನ್‌ಫೀಲ್ಡಿನ ಮೈಕಟ್ಟು: ನಳಿಗೆಯನ್ನು ಮರಕ್ಕೆ ಬಿಗಿದ ಮೂರು ಕಟ್ಟು, ಹಿತ್ತಾಳೆಯ ಹಿಮ್ಮಡಿ. ಯಾವ ಕೋವಿಯ ಕೊಬ್ಬು ಸವರಿದ ತೋಟಾ 1857ರ ಕಿಚ್ಚಿಗೆ ಕಿಡಿಯಾಯಿತೋ ಅದೇ ವಂಶದ್ದು.

ವಂಶ ಅದೇ, ಆದರೆ ನಡತೆ ಬೇರೆ. ಎನ್‌ಫೀಲ್ಡಿನ ಹೆಗ್ಗಳಿಕೆಯೆಲ್ಲ ನಳಿಗೆಯ ಒಳಗಿನ ಮೂರು ತಿರುಪು ಗೆರೆಗಳಲ್ಲಿತ್ತು. ಗುಂಡು ಬುಗುರಿಯಂತೆ ಸುತ್ತುತ್ತ ನೇರವಾಗಿ ದೂರ ಹೋಗುವುದು ಅವುಗಳಿಂದ. ‘ರೈಫಲ್’ ಎಂಬ ಹೆಸರು ಬಂದದ್ದೂ ಅವುಗಳಿಂದಲೇ. ನಮ್ಮ ಕೋವಿಯ ನಳಿಗೆಯೊಳಗೆ ದೀಪದ ಬೆಳಕು ಬಿಟ್ಟು ನೋಡಿದೆ. ಕೊಳವೆಯಂತೆ ನುಣುಪು. ಸವೆದದ್ದಲ್ಲ, ಮಾಡಿದ್ದೇ ಹಾಗೆ. 1857ರ ತರುವಾಯ ಭಾರತೀಯ ಸಿಪಾಯಿಯ ಕೈಗೆ ಬಿಳಿಯ ಸೋಲ್ಜರನಷ್ಟೇ ಒಳ್ಳೆಯ ಆಯುಧ ಕೊಡಲು ಸರಕಾರಕ್ಕೆ ಧೈರ್ಯವಿರಲಿಲ್ಲ. ಹೊರಗಿನಿಂದ ಎನ್‌ಫೀಲ್ಡಿನಂತೆಯೇ ಕಾಣುವ, ಒಳಗೆ ಗೆರೆಯಿಲ್ಲದ, ದೂರ ಅಳೆಯುವ ಹಿಂಗುರಿಯ ಏಣಿಯನ್ನೂ ಕಿತ್ತು ಬರಿಯ ಮೊಂಡು ಗುರಿ ಕೂರಿಸಿದ ಕೋವಿಯನ್ನು ಅವನಿಗೆಂದೇ ಮಾಡಿಸಿದರು. ನಾವು ಪೂಜಿಸುತ್ತ ಬಂದಿರುವುದು ಅಪನಂಬಿಕೆಯಿಂದ ಹುಟ್ಟಿದ ಈ ಕೂಸನ್ನು!

ಇಲ್ಲೊಂದು ವಿಚಿತ್ರವಿದೆ. ಅದೇ ಭಯದಿಂದ ಸರಕಾರ ದೇಶದ ಜನರ ಆಯುಧ ಕಸಿಯುವ ಕಾನೂನು ಮಾಡಿತಷ್ಟೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ನಿಷ್ಠೆಯನ್ನು ಮೆಚ್ಚಿ ಕೊಡಗಿನವರಿಗೆ ಆ ಕಾನೂನು ಅನ್ವಯಿಸದೆಂದು ಸಾರಿದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇಂದಿಗೂ ಇರುವ ವಿನಾಯಿತಿಯ ಬೇರು ಅಲ್ಲಿದೆ. 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿದ್ದಾರೆ. ನಮ್ಮದೂ ಜಮ್ಮಾ ಮನೆ. ಬಂಡಾಯದ ಗುರುತೆಂದು ನಾವು ನಂಬಿದ ವಸ್ತು ಮನೆಯ ಗೋಡೆಯ ಮೇಲೆ ನಿರಾತಂಕವಾಗಿ ಉಳಿದದ್ದು ರಾಜನಿಷ್ಠೆಯ ಬಹುಮಾನವಾಗಿ ಸಿಕ್ಕ ಹಕ್ಕಿನಿಂದ.

ಹಾಗಾದರೆ ಮನೆಗೆ ಬಂದದ್ದು ಹೇಗೆ? ಉತ್ತರ ಜಮ್ಮಾ ಕಾಗದಗಳ ಪೆಟ್ಟಿಗೆಯಲ್ಲಿತ್ತು. ಮುತ್ತಜ್ಜನ ಲೆಕ್ಕದ ಪುಸ್ತಕ, ಗೆದ್ದಲು ಬಿಟ್ಟಷ್ಟು. ಉಪ್ಪು, ಕಂಬಳಿ, ಎತ್ತಿನ ಲಾಳದ ನಡುವೆ ಒಂದು ಸಾಲು: ‘ಹಳೇ ಸರಕಾರಿ ಕೋವಿ 1ಕ್ಕೆ, ಹರಾಜು, ರೂ. 7-8-0.’ ಮರುಸಾಲಿನಲ್ಲೇ ಮದ್ದಿಗೂ ಚರೆಗೂ ಕೊಟ್ಟ ಹಣ. ಗದ್ದೆಗೆ ಹಂದಿ ಬರುತ್ತಿತ್ತೆಂದು ಕಾಣುತ್ತದೆ.

ಇದನ್ನು ದೊಡ್ಡಪ್ಪನಿಗೆ ಹೇಳುವುದು ಹೇಗೆಂದು ಎರಡು ತಿಂಗಳು ಮುಂದೂಡಿದೆ. ಎಂಬತ್ತು ದಾಟಿದವರು, ಶಾಲೆಯ ಮಕ್ಕಳನ್ನು ಕರೆಸಿ ಆ ಕೋವಿ ತೋರಿಸಿ ಅಮರ ಸುಳ್ಯದ ಕಥೆ ಹೇಳಿದವರು. ಕೊನೆಗೆ ಕೈಲು ಮುಹೂರ್ತದ ಹಿಂದಿನ ಸಂಜೆ ಪುಸ್ತಕವನ್ನೇ ಅವರ ಮುಂದೆ ತೆರೆದಿಟ್ಟೆ. ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು.

“ಕೋವಿ ಹರಾಜಿನದು. ಸರಿ. ಅಷ್ಟಕ್ಕೆ ಆ ಹಿರಿಯ ಮಂಗಳೂರಿಗೆ ಹೋಗಲಿಲ್ಲ ಎಂದು ಬರೆಯುತ್ತೀಯಾ?”

“ಇಲ್ಲ ದೊಡ್ಡಪ್ಪ. ಹೋದನೆಂದು ಈ ಕೋವಿಯನ್ನು ಸಾಕ್ಷಿಗೆ ಕರೆಯುವುದಿಲ್ಲ, ಅಷ್ಟೆ.”

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಏಳೂವರೆ ರೂಪಾಯಿ ಆ ಕಾಲಕ್ಕೆ ಕಡಿಮೆಯೇನಲ್ಲ. ಭತ್ತ ಎಷ್ಟು ಮಾರಿದ್ದನೋ ಅದೂ ಇದರಲ್ಲಿ ಇರಬೇಕು ನೋಡು,” ಎಂದು ಹಿಂದಿನ ಪುಟ ತಿರುವತೊಡಗಿದರು. ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಕೋವಿ ಕೆಳಗಿಳಿದಿತ್ತು. ನಳಿಗೆಯ ಬಾಯಲ್ಲಿ ಹೂವಿತ್ತು.