ಕನ್‌ಫ್ಯೂಷಿಯಸ್ ನೀತಿಪರಂಪರೆಯಲ್ಲಿ ವಿಧೇಯತೆಯ ಪ್ರಶ್ನೆ

ಕನ್‌ಫ್ಯೂಷಿಯಸನ ನೀತಿಯೆಂದರೆ ಕಿರಿಯರು ಹಿರಿಯರಿಗೂ ಪ್ರಜೆಗಳು ಅರಸನಿಗೂ ತಲೆಬಾಗಿ ನಡೆಯುವ ನೀತಿ ಎಂಬ ಗ್ರಹಿಕೆ ವ್ಯಾಪಕವಾಗಿದೆ. ಈ ವಿಧೇಯತೆಯು ಪರಂಪರೆಯ ಮೂಲದಲ್ಲಿಯೇ ಇದ್ದಿತೆ, ಅಥವಾ ಸಾಮ್ರಾಜ್ಯದ ಅಗತ್ಯಕ್ಕಾಗಿ ಮುಂದೆ ಬಲಗೊಂಡಿತೆ ಎಂಬುದನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಅವಶ್ಯಕ.

ಲೂ ರಾಜ್ಯದ ಕನ್‌ಫ್ಯೂಷಿಯಸ್ (ಕ್ರಿ.ಪೂ. 551–479) ಬೋಧಿಸಿದ ಗುಣಗಳಲ್ಲಿ ಮಾನವೀಯತೆ ಎಂಬರ್ಥದ ‘ರೆನ್’ ಅಗ್ರಗಣ್ಯವಾದುದು. ಅಂತರಂಗದ ಈ ಗುಣವು ‘ಲೀ’ ಎಂಬ ವಿಧಿ-ಮರ್ಯಾದೆಗಳ ಮೂಲಕ ನಡತೆಯಲ್ಲಿ ಪ್ರಕಟವಾಗಬೇಕು. ಪದವಿಯ ಹೆಸರನ್ನು ಹೊತ್ತವನು ಆ ಹೆಸರಿಗೆ ತಕ್ಕಂತೆ ನಡೆಯಬೇಕೆಂಬುದು ಅವನ ನಿಲುವು. ಈ ನಿಯಮ ಮಂತ್ರಿಗೆ ಹೇಗೋ ಅರಸನಿಗೂ ಹಾಗೆಯೇ.

ಕ್ರಿ.ಪೂ. 4ನೆಯ ಶತಮಾನದ ಮೆನ್ಷಿಯಸ್ ಇದರ ತಾರ್ಕಿಕ ಪರಿಣಾಮವನ್ನು ಸ್ಪಷ್ಟಪಡಿಸಿದನು. ಮಾನವೀಯತೆ ಮತ್ತು ನ್ಯಾಯಗಳನ್ನು ನಾಶಮಾಡಿದವನು ಅರಸನೆಂಬ ಹೆಸರನ್ನೇ ಕಳೆದುಕೊಳ್ಳುತ್ತಾನೆ. ಆದುದರಿಂದ ಷಾಂಗ್ ವಂಶದ ಕೊನೆಯ ದೊರೆಯ ವಧೆಯನ್ನು ರಾಜಹತ್ಯೆಯೆಂದು ಅವನು ಪರಿಗಣಿಸಲಿಲ್ಲ. 1993ರಲ್ಲಿ ಹುಬೈ ಪ್ರಾಂತದ ಗುವೋದಿಯನ್‌ನಲ್ಲಿ, ಸುಮಾರು ಕ್ರಿ.ಪೂ. 300ರ ಸಮಾಧಿಯೊಂದರಲ್ಲಿ ದೊರೆತು 1998ರಲ್ಲಿ ಪ್ರಕಟವಾದ ಬಿದಿರುಪಟ್ಟಿಗಳು ಇದಕ್ಕೆ ಪೂರಕವಾಗಿವೆ. ಅವುಗಳಲ್ಲೊಂದು ಪಠ್ಯದಲ್ಲಿ, ನಿಷ್ಠಾವಂತ ಮಂತ್ರಿ ಯಾರೆಂಬ ಪ್ರಶ್ನೆಗೆ ಕನ್‌ಫ್ಯೂಷಿಯಸನ ಮೊಮ್ಮಗ ತ್ಸುಸ್ಸು ಕೊಡುವ ಉತ್ತರದ ಸಾರ: ದೊರೆಯ ದೋಷಗಳನ್ನು ಸದಾ ಎತ್ತಿ ತೋರಿಸುವವನು.

ಮೆನ್ಷಿಯಸನ ಪಂಚ ಸಂಬಂಧಗಳಲ್ಲಿ ತಂದೆ-ಮಕ್ಕಳ ವಾತ್ಸಲ್ಯ, ಅರಸ-ಮಂತ್ರಿಗಳ ನ್ಯಾಯ, ಗೆಳೆಯರ ವಿಶ್ವಾಸಗಳಿಗೆ ಸ್ಥಾನವುಂಟು. ಹಾನ್ ಯುಗದಲ್ಲಾದರೋ ‘ಮೂರು ಬಂಧ’ಗಳ ಸೂತ್ರ ಮುಂದೆ ಬಂದಿತು: ಅರಸನು ಮಂತ್ರಿಗೆ, ತಂದೆಯು ಮಗನಿಗೆ, ಪತಿಯು ಪತ್ನಿಗೆ ಅಧಿಪತಿ. ಕ್ರಿ.ಶ. 79ರ ಶ್ವೇತವ್ಯಾಘ್ರ ಸಭಾಭವನದ ವಿದ್ವತ್ಸಭೆಯ ಹೆಸರಿನಲ್ಲಿ ಸಂಕಲಿತವಾದ ಗ್ರಂಥದಲ್ಲಿ ಇದಕ್ಕೆ ಅಧಿಕೃತ ರೂಪ ದೊರೆಯಿತು. ಇದರ ಪೂರ್ವರೂಪವು ಕನ್‌ಫ್ಯೂಷಿಯಸ್ ಪಂಥವನ್ನು ಟೀಕಿಸಿದ ಹಾನ್ ಫೈನ ಹೆಸರಿನ ಕೃತಿಯಲ್ಲಿ ಕಾಣಸಿಗುತ್ತದೆಂಬುದು ಗಮನಾರ್ಹ.

ಎರಡು ಧಾರೆಗಳ ನಡುವಣ ಘರ್ಷಣೆಗೆ 1394ರ ಘಟನೆಯೇ ಸಾಕ್ಷಿ. ಮಿಂಗ್ ವಂಶದ ಸ್ಥಾಪಕ ಹೊಂಗ್‌ವು ಚಕ್ರವರ್ತಿಯು ಮೆನ್ಷಿಯಸನ ಕೃತಿಯಿಂದ 85 ಭಾಗಗಳನ್ನು ತೆಗೆಸಿಹಾಕಿದನು. ಪರೀಕ್ಷೆಗಳಲ್ಲಿಯೂ ಅವನ್ನು ನಿಷೇಧಿಸಿದನು. ಮುಂದಿನ ಶತಮಾನದ ಆರಂಭದಲ್ಲಿ ಪೂರ್ಣಪಾಠವು ಮರಳಿ ಬಳಕೆಗೆ ಬಂದಿತು.

ಆದಿಕಾಲದ ಪರಸ್ಪರತೆಯನ್ನು ಸಮಾನತೆಯೆಂದು ಭಾವಿಸಲಾಗದು. ಪತಿ-ಪತ್ನಿಯರ ವಿಷಯದಲ್ಲಿ ಮೆನ್ಷಿಯಸನೂ ಭೇದವನ್ನೇ ವಿಧಿಸಿದ್ದಾನೆ. ಆದರೆ ಕೇವಲ ವಿಧೇಯತೆಯನ್ನು ಬೋಧಿಸುವ ಗ್ರಂಥವಾಗಿದ್ದರೆ ಚಕ್ರವರ್ತಿಯೊಬ್ಬನು ಅದಕ್ಕೆ ಅಂಜಿ ಕತ್ತರಿ ಹಾಕಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.