ಅಪ್ಪಯ್ಯನ ಅಟ್ಲಾಸು, ನನ್ನ ಮುಂದಿನ ಸೈಕಲ್ಲು..

"ಎಂತಕ್ಕಾ ಮಾಣಿ ಮತ್ತೊಂದು ಸೈಕಲ್ಲು? ಇಪ್ಪದಕ್ಕೆ ಎಂತ ಆಜು?" ಅಂತ ಅಪ್ಪಯ್ಯ ಕೇಳಿದಾಗ ತಕ್ಷಣ ಉತ್ತರ ಹೊಳೆಯಲಿಲ್ಲ. ಇಪ್ಪದಕ್ಕೆ ಏನೂ ಆಗಿಲ್ಲ. ಆಗಬೇಕಿದ್ದದ್ದು ನನಗೆ, ಸ್ವಲ್ಪದರಲ್ಲಿ ತಪ್ಪಿತು.

2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯಿತಲ್ಲ, ಅಲ್ಲಿಂದ ಬಂತು ಇದೆಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದ ಮೇಲೆ ಕರೂರು ಸೀಮೆ ಹಿನ್ನೀರಿನ ಆಚೆ ಉಳಿದುಹೋಯಿತು. ದಾಟಬೇಕಾದರೆ ಲಾಂಚು. ಸಾಗರದಿಂದ ಸೈಕಲ್ ತುಳಿದು ಹೊಳೆಬಾಗಿಲಿಗೆ ಹೋದರೆ ಲಾಂಚಿಗೆ ಕಾಯುವುದೇ ಒಂದು ವಿಶ್ರಾಂತಿ. ಹೆಚ್ಚಿನ ಸಲ ಅಲ್ಲೇ ಒಂದು ಟೀ ಕುಡಿದು ವಾಪಸ್ ಬರುತ್ತಿದ್ದೆ. ಈಗ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆಯನ್ನು ಕೆಲವೇ ನಿಮಿಷದಲ್ಲಿ ದಾಟಿ, ತುಮರಿ, ನಾಗೋಡಿ, ಕೊಲ್ಲೂರು ಅಂತ ಹೋಗುತ್ತಲೇ ಇರಬಹುದು. ಹೋದೆ. ನಾಗೋಡಿ ಘಟ್ಟ ಇಳಿಯುವಾಗ ಜಿಟಿಜಿಟಿ ಮಳೆ. ತಿರುವಿನಲ್ಲಿ ಬಸ್ಸು. ಎರಡೂ ಬ್ರೇಕು ಹಿಡಿದರೂ ಒದ್ದೆ ರಿಮ್ಮಿನ ಮೇಲೆ ರಬ್ಬರು ಜಾರುತ್ತಾ ಹೋಯಿತೇ ಹೊರತು ಸೈಕಲ್ ನಿಲ್ಲಲಿಲ್ಲ. ಚರಂಡಿಗೆ ಇಳಿಸಿ ಬಚಾವಾದೆ. ಮನೆಯಲ್ಲಿ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ :-)

ಹೊಸ ಸೈಕಲ್ ಹುಡುಕಲು ಕೂತವನು ಒಂದು ಸಂಜೆ ಕೊಟ್ಟಿಗೆಯ ಅಟ್ಟದಿಂದ ಅಪ್ಪಯ್ಯನ ಅಟ್ಲಾಸನ್ನು ಇಳಿಸಿದೆ. ನಾನು ಒಳಪೆಡ್ಲು ಕಲಿತ ಸೈಕಲ್ ಅದು. ನಮ್ಮ ದೇಶದ ದೊಡ್ಡ ಕಂಪನಿಗಳೆಲ್ಲ ಹತ್ತು ವರ್ಷದ ಒಳಗೆ ಹುಟ್ಟಿದವು. 1949ರಲ್ಲಿ ಮದರಾಸಿನ ಅಂಬತ್ತೂರಿನ ಟಿ.ಐ., 1951ರಲ್ಲಿ ಸೋನೆಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. (ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ನಿಂತಿತು. ಅವತ್ತು ವಿಶ್ವ ಸೈಕಲ್ ದಿನ!) ಮೂವರೂ ಮಾಡಿದ್ದು ಮುಖ್ಯವಾಗಿ ಇಂಗ್ಲೆಂಡಿನ ಹಳೇ ರೋಡ್‌ಸ್ಟರ್‌ನ ನಕಲನ್ನೇ. 28 ಇಂಚಿನ ಚಕ್ರ, ಕಂಬಿಯಿಂದ ಎಳೆಯುವ ಬ್ರೇಕು, ಒಂದೇ ಗೇರು.

ಹಲ್ಲು ಎಣಿಸಿದೆ. ಮುಂದೆ 44, ಹಿಂದೆ 18. ಪೆಡಲು ಒಂದು ಸುತ್ತು ಬಂದರೆ ಚಕ್ರ ಎರಡೂವರೆ ಸುತ್ತಿಗೆ ಸ್ವಲ್ಪ ಕಮ್ಮಿ, ಅಂದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ. ಮಂಡ್ಯದ ಬಯಲಲ್ಲಿ ಇದು ಸರಿ. ಆಗುಂಬೆಯ 14 ತಿರುವಿನಲ್ಲಿ? ಸೋಮೇಶ್ವರದಿಂದ ಆಗುಂಬೆಗೆ ಹತ್ತುವುದು ಜೋಗದ 253 ಮೀಟರಿನ ಹೆಚ್ಚುಕಮ್ಮಿ ಎರಡು ಪಟ್ಟು ಅಂತ ನನ್ನ ಲೆಕ್ಕ. ತುಳಿಯುವ ಮಾತೇ ಇಲ್ಲ. ಅಪ್ಪಯ್ಯನನ್ನು ಕೇಳಿದೆ. "ಏರು ಬಂದರೆ ಇಳಿದು ದೂಡುವುದು, ಅದರಲ್ಲೇನು?" ಅನ್ನುವ ಧಾಟಿಯಲ್ಲಿ ನೋಡಿದರು. ಮಲೆನಾಡಿನಲ್ಲಿ ಸೈಕಲ್ ಅಂದರೆ ಅರ್ಧ ವಾಹನ, ಅರ್ಧ ಕೈಗಾಡಿ. ಹಾಲಿನ ಕ್ಯಾನು, ಅಡಿಕೆ ಚೀಲ ಹೇರಿಕೊಂಡು ದೂಡುವುದಕ್ಕೆ ಯಾರೂ ನಾಚುತ್ತಿರಲಿಲ್ಲ. ನಾಚಿಕೆ ಶುರುವಾಗಿದ್ದು ನಮ್ಮ ಕಾಲಕ್ಕೆ, ಬಿಗಿ ಚಡ್ಡಿ ಹಾಕಿಕೊಂಡವರಿಗೆ.

ಆ ನಾಚಿಕೆಗೂ ಒಂದು ಇತಿಹಾಸ ಇದೆ. ಟೂರ್ ಡಿ ಫ್ರಾನ್ಸ್ ಹುಟ್ಟುಹಾಕಿದ ಆನ್ರಿ ದೆಗ್ರಾಂಜ್‌ಗೆ ಗೇರು ಕಂಡರಾಗುತ್ತಿರಲಿಲ್ಲ. ಅದೇನಿದ್ದರೂ ನಲವತ್ತೈದು ದಾಟಿದವರಿಗೆ ಅನ್ನುವುದು ಆತನ ವಾದ. ಸ್ಟರ್ಮಿ-ಆರ್ಚರ್‌ನ ಮೂರು ಗೇರಿನ ಹಬ್ಬು 1900ರ ಆಸುಪಾಸಿನಲ್ಲೇ ಬಂದಿದ್ದರೂ, ಟೂರ್‌ನ ಸವಾರರು ಘಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಹಾಕಿಕೊಂಡು ಹತ್ತುತ್ತಿದ್ದರು. ಚೈನು ಹಾರಿಸುವ ಡಿರೇಲರ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ, ದೆಗ್ರಾಂಜ್ ಪಕ್ಕಕ್ಕೆ ಸರಿದ ಮೇಲೆ. ನನಗೆ ನಲವತ್ತೈದು ದಾಟಿ ಬಹಳ ಕಾಲವಾಯಿತು, ಹಾಗಾಗಿ ಆತನ ಕಾನೂನಿನ ಪ್ರಕಾರವೂ ನನಗೆ ಗೇರು ಸಲ್ಲಬೇಕು.

2009ರಲ್ಲಿ ನಾನು ತಗೊಂಡ ಸೈಕಲ್ಲಿಗೆ ಮುಂದೆ 53-39, ಹಿಂದೆ 12ರಿಂದ 25. ಅಂದರೆ ಅತಿ ಹಗುರ ಗೇರಿನಲ್ಲೂ ಒಂದು ಸುತ್ತಿಗೆ 3.3 ಮೀಟರ್. ರೇಸಿನವರ ಲೆಕ್ಕ ಅದು. ರೇಸ್ ನೋಡಿ ಆಸೆಪಟ್ಟು ತಗೊಂಡೆ, ಮಂಡಿ ಅದರ ಬಡ್ಡಿ ಕಟ್ಟುತ್ತಿದೆ. ಈಗ ಬರುವ ರೋಡ್ ಬೈಕುಗಳಲ್ಲಿ 34ಕ್ಕೆ 34 ಸಿಗುತ್ತದೆ, ಸುತ್ತಿಗೆ 2.1 ಮೀಟರ್. ಅಟ್ಲಾಸಿನ ಅರ್ಧಕ್ಕಿಂತ ಕಮ್ಮಿ! ಇದೊಂದು ಸಂಗತಿಗೇ ನಾನು ಸೈಕಲ್ ಬದಲಿಸಿಯೇನು. ತೂಕದ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ರೇಸಿನ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು ಅಂತ ಯು.ಸಿ.ಐ. 2000ದಲ್ಲಿ ಕಾನೂನು ಮಾಡಿತು, ಅದರ ಹತ್ತಿರ ಹೋಗಲು ಲಕ್ಷಗಟ್ಟಲೆ ಸುರಿಯುವವರಿದ್ದಾರೆ. ನಾನು ಓಡಿಸುವುದು ಬ್ರೆವೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. ಎರಡು ಕಿಲೋ ಇಳಿಸುವುದಿದ್ದರೆ ನನ್ನ ಹೊಟ್ಟೆಯಲ್ಲೇ ಇದೆ.

ಬ್ರೇಕಿನ ವಿಷಯಕ್ಕೆ ಬರೋಣ. ಅಟ್ಲಾಸಿನ ರಿಮ್ಮು ಕ್ರೋಮ್ ಹಾಕಿದ ಉಕ್ಕು. ಮಳೆಯಲ್ಲಿ ಅದಕ್ಕೂ ರಬ್ಬರಿಗೂ ಸಂಬಂಧವೇ ಇರುವುದಿಲ್ಲ. ನಾವೆಲ್ಲ ಕಾಲು ಊರಿ ನಿಲ್ಲಿಸಿದವರೇ, ಹವಾಯಿ ಚಪ್ಪಲಿಯ ಹಿಮ್ಮಡಿ ಸವೆದದ್ದೇ ಹಾಗೆ. ಅಲ್ಯುಮಿನಿಯಂ ರಿಮ್ಮು ಬಂದ ಮೇಲೆ ಎಷ್ಟೋ ವಾಸಿಯಾಯಿತು. ಆದರೆ ಮೊದಲು ನೀರು ಒರೆಸಿಕೊಂಡು ಆಮೇಲೆ ಹಿಡಿಯುತ್ತದೆ, ಆ ಒಂದು ಗಳಿಗೆಯಲ್ಲೇ ನಾಗೋಡಿಯ ಬಸ್ಸು ಬಂದದ್ದು. ಡಿಸ್ಕ್ ಬ್ರೇಕಿಗೆ ರೋಡ್ ರೇಸಿನವರು ವರ್ಷಗಟ್ಟಲೆ ಜಗಳವಾಡಿ ಪೂರ್ತಿ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಅವರಿಗೆ ತೂಕದ್ದೂ ಚಕ್ರ ಬದಲಿಸುವ ವೇಗದ್ದೂ ಚಿಂತೆ ಇತ್ತು. ಆಗುಂಬೆ, ಹುಲಿಕಲ್ಲಿನ ಮಳೆಯಲ್ಲಿ ಇಳಿಯುವವನಿಗೆ ಚರ್ಚೆ ಏತಕ್ಕೆ? ಹೈಡ್ರಾಲಿಕ್ ಡಿಸ್ಕು, ಮುಗಿಯಿತು.

ಟೈರು 23 ಮಿಲಿಮೀಟರಿನಿಂದ 32ಕ್ಕೆ. ಸಪೂರ ಟೈರೇ ವೇಗ ಅನ್ನುವ ನಂಬಿಕೆ ಈಚಿನ ಹದಿನೈದು ವರ್ಷಗಳಲ್ಲಿ ರೇಸಿನವರಲ್ಲೇ ಕುಸಿದಿದೆ. ಬಿ.ಎಚ್. ರೋಡು ಬಿಟ್ಟು ಹೊಸನಗರದ ಒಳದಾರಿ ಹಿಡಿದವರಿಗೆ ಇದು ಮೊದಲೇ ಗೊತ್ತಿತ್ತು. ಗೇರು ಬದಲಿಸುವುದು ತಂತಿಯಲ್ಲೇ ಇರಲಿ, ಬ್ಯಾಟರಿಯದ್ದು ಬೇಡ ಅಂತ ತೀರ್ಮಾನಿಸಿದ್ದೇನೆ. ಒಮ್ಮೆ ಚಾರ್ಜ್ ಮಾಡಿದರೆ ತಿಂಗಳುಗಟ್ಟಲೆ ಬರುತ್ತದೆ, ಒಪ್ಪಿದೆ. ಆದರೆ ಕರೆಂಟು ಹುಟ್ಟುವ ಜೋಗದ ಪಕ್ಕದಲ್ಲೇ ಮಳೆಗಾಲದಲ್ಲಿ ದೀಪ ಹಚ್ಚಿಕೊಂಡು ಕೂತವನಿಗೆ ಅಷ್ಟು ಧೈರ್ಯ ಇಲ್ಲ. ಶಿಮಾನೋದವರು 2023ರಲ್ಲಿ 105 ಸೆಟ್ಟಿನ ತಂತಿಯ ಮಾದರಿಯನ್ನು 12 ಗೇರಿನಲ್ಲಿ ಮತ್ತೆ ತಂದರು, ನನ್ನಂಥವರು ಇನ್ನೂ ಇದ್ದಾರೆ ಅಂತಾಯಿತು. ಬಿ.ಬಿ. ಕಪ್ಪು ಒತ್ತಿ ಕೂರಿಸುವುದಲ್ಲ, ಮರೆ ಇರುವುದೇ ಬೇಕು. ಊರಿನ ಸೈಕಲ್ ಶಾಪಿನಲ್ಲಿ ಬಿಚ್ಚಲು ಬರಬೇಕಲ್ಲ.

ಇಷ್ಟೆಲ್ಲ ಬರೆದುಕೊಂಡ ಪಟ್ಟಿ ಹಿಡಿದು ಅಟ್ಲಾಸ್ ಪಕ್ಕ ನಿಂತಾಗ ಒಂದು ಹೊಳೆಯಿತು. ಉದ್ದದ ಮಡ್‌ಗಾರ್ಡ್, ಚೈನ್ ಕವರ್, ಅಗಲ ಟೈರು. ಮಳೆ ಬರುವ ಊರಿನಲ್ಲಿ ಸೈಕಲ್ಲಿಗೆ ಏನು ಬೇಕು ಅನ್ನುವುದು ಅದನ್ನು ಮಾಡಿದವರಿಗೆ ಗೊತ್ತಿತ್ತು, ಅವರಿಗೆ ಸಿಗದಿದ್ದದ್ದು ಗೇರು ಮತ್ತು ಬ್ರೇಕು ಎರಡೇ. ಎರಡೂ ಇದ್ದ ನನ್ನ 2009ರ ಸೈಕಲ್ಲಿನಲ್ಲಿ ಮಡ್‌ಗಾರ್ಡ್ ಕೂರಿಸಲು ತೂತು ಕೂಡ ಇರಲಿಲ್ಲ. ಹದಿನಾರು ಮಳೆಗಾಲ ಬೆನ್ನ ಮೇಲೆ ಕೆಂಪು ಪಟ್ಟೆ ಎಳೆಸಿಕೊಂಡಿದ್ದೇನೆ. ಪಟ್ಟಿಯ ಮೇಲ್ಗಡೆ ಮಡ್‌ಗಾರ್ಡ್ ಅಂತ ಸೇರಿಸಿದೆ. ಅದರಿಂದಲೇ ಆರಿಸಿಟ್ಟಿದ್ದ ಐದರಲ್ಲಿ ಮೂರು ಹೊರಗೆ ಹೋದವು.

ಉಳಿದದ್ದು ಎರಡು, ಒಂದು ಅಲ್ಯುಮಿನಿಯಂ, ಒಂದು ಉಕ್ಕು. ಟ್ಯೂಬ್‌ಲೆಸ್ ಹಾಕಿಸಬೇಕೋ ಬೇಡವೋ ಇನ್ನೂ ಗೊತ್ತಾಗಿಲ್ಲ. ದೀಪಾವಳಿಯ ಹೊತ್ತಿಗೆ ತಗೋಬೇಕು. ಫೋಟೋ ತೋರಿಸಿದಾಗ ಅಪ್ಪಯ್ಯ ಕೇಳಿದ್ದು ಒಂದೇ: "ಕ್ಯಾರಿಯರ್ ಇದ್ದನಾ?"

ಉಕ್ಕಿನದಕ್ಕೆ ಹಾಕಿಸಬಹುದು.