ಬೆಂಗಳೂರಿನ ವಿಜ್ಞಾನಚರಿತ್ರೆಯಲ್ಲಿ ಒಂದು ಕಿಣ್ವ

ಬೆಂಗಳೂರಿನ ಇತಿಹಾಸಕಾರರು ಕೋಟೆ, ದಂಡುಪ್ರದೇಶ, ಗಿರಣಿ, ಬಡಾವಣೆಗಳನ್ನು ಕುರಿತು ವಿಪುಲವಾಗಿ ಬರೆದಿದ್ದಾರೆ. ಪ್ರಯೋಗಶಾಲೆಯೊಳಗಣ ವಾದವಿವಾದಗಳೂ ನಗರಚರಿತ್ರೆಯ ಸಾಮಗ್ರಿಯೇ ಎಂಬುದು ನಮ್ಮ ಮತ. ಅದಕ್ಕೊಂದು ನಿದರ್ಶನವನ್ನು ಇಲ್ಲಿ ಪರಿಶೀಲಿಸುತ್ತೇವೆ.

೧೯೩೧ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಗರ್ಭಿಣಿಯರ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದೆಂದು ಪ್ರಕಟಿಸಿದರು. ಆ ಸಾರದ ಗುಣಕ್ಕೆ ಕಾರಣ ಫೋಲೇಟ್ ಎಂಬುದು ಅನಂತರ ತಿಳಿಯಿತು. ಜಯನಗರಕ್ಕೆ ಅಡಿಗಲ್ಲು ಬಿದ್ದ ೧೯೪೮ರಲ್ಲಿಯೇ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ಯಲ್ಲಾಪ್ರಗಡ ಸುಬ್ಬರಾಯರ ತಂಡ ಒದಗಿಸಿದ ಫೋಲೇಟ್ ವಿರೋಧಿ ಔಷಧದಿಂದ ಮಕ್ಕಳ ರಕ್ತದ ಕ್ಯಾನ್ಸರು ತಾತ್ಕಾಲಿಕವಾಗಿ ಹಿಮ್ಮೆಟ್ಟಿದುದನ್ನು ವರದಿ ಮಾಡಿದರು.

ಡಿ.ಎನ್.ಎ.ಗೆ ಬೇಕಾದ ಥೈಮಿಡಿಲೇಟನ್ನು ಕಟ್ಟಲು ಜೀವಕೋಶಕ್ಕೆ ಒಂದು ಇಂಗಾಲದ ಪರಮಾಣು ಬೇಕಾಗುತ್ತದೆ. ಸೆರೀನಿನಿಂದ ಅದನ್ನು ಕಳಚಿ ಟೆಟ್ರಾಹೈಡ್ರೋಫೋಲೇಟಿಗೆ ಹೊರಿಸುವ ಕಿಣ್ವವೇ ಸೆರೀನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸ್. ಸೆರೀನು ಆಗ ಗ್ಲೈಸೀನಾಗುತ್ತದೆ. ಈ ಚಕ್ರದಲ್ಲಿ ಕಿಣ್ವಗಳು ಮೂರು. ಉಳಿದೆರಡನ್ನು ತಡೆಯಲು ಮೆಥೊಟ್ರೆಕ್ಸೇಟ್, ಫ್ಲೋರೋಯುರಾಸಿಲ್‌ಗಳು ಬಂದವು. ಮೂರನೆಯದಾದ ಇದು ವೈದ್ಯರ ಗಮನಕ್ಕೆ ಹೊರಗೇ ಉಳಿಯಿತು.

ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎನ್. ಅಪ್ಪಾಜಿ ರಾವ್ ಅವರೂ ಅವರ ಶಿಷ್ಯರೂ ದಶಕಗಳ ಕಾಲ ಹಿಡಿದದ್ದು ಈ ಮೂರನೆಯದನ್ನೇ. ಅವರ ಮೂಲದ್ರವ್ಯಗಳು ಕುರಿಯ ಯಕೃತ್ತು, ಕೋತಿಯ ಯಕೃತ್ತು, ಮತ್ತು ನಮ್ಮ ಕೋಸಂಬರಿಯ ಹೆಸರುಕಾಳು! ಕೋತಿಯ ಕಿಣ್ವದಲ್ಲಿ ಒಂದು ಫೋಲೇಟ್ ಅಣು ಬಂದು ಕೂಡಿದರೆ ಮುಂದಿನವು ಕೂಡುವುದು ಸುಲಭವಾಗುವುದೆಂದು, ಅರ್ಥಾತ್ ಕಿಣ್ವವು ತನ್ನ ವೇಗವನ್ನು ತಾನೇ ನಿಯಂತ್ರಿಸಬಲ್ಲುದೆಂದು, ಅವರು ೧೯೮೦ರಲ್ಲಿ ಪ್ರತಿಪಾದಿಸಿದರು. ಅಂತಹ ಸಹಕಾರವೇ ಇಲ್ಲವೆಂದು ಅಮೆರಿಕದ ಶರ್ಚ್ ಮತ್ತು ಅವರ ಸಹೋದ್ಯೋಗಿ ೧೯೮೧ರಲ್ಲಿ ಅಲ್ಲಗಳೆದರು. ಟೆಟ್ರಾಹೈಡ್ರೋಫೋಲೇಟು ಗಾಳಿ ಸೋಕಿದರೆ ಕೆಡುವ ವಸ್ತುವಾದುದರಿಂದ ಇಂತಹ ಅಳತೆಗಳೆಲ್ಲ ಕಷ್ಟಸಾಧ್ಯವೆಂಬುದನ್ನು ಓದುಗರು ನೆನಪಿಡಬೇಕು. ಬೆಂಗಳೂರಿನವರು ಹಿಂಜರಿಯಲಿಲ್ಲ, ೧೯೮೨ರಲ್ಲಿ ಹೆಸರುಕಾಳಿನ ಕಿಣ್ವದಲ್ಲಿಯೂ ಅದೇ ಗುಣವನ್ನು ವರ್ಣಿಸಿದರು. ಯಾರ ಪಕ್ಷ ಸರಿಯೆಂಬುದಕ್ಕಿಂತಲೂ, ಇಲ್ಲಿನ ಪ್ರಯೋಗಶಾಲೆಯ ಮಾತನ್ನು ಪ್ರಪಂಚವು ಖಂಡಿಸಲು ಯೋಗ್ಯವೆಂದು ಬಗೆದುದೇ ಇತಿಹಾಸದ ದೃಷ್ಟಿಯಿಂದ ಮುಖ್ಯವೆಂದು ನಾವು ಭಾವಿಸುತ್ತೇವೆ. ಖಂಡನೆ ಉಪೇಕ್ಷೆಗಿಂತ ದೊಡ್ಡ ಮನ್ನಣೆ.

ಮುಂದೆ ಎಚ್.ಎಸ್. ಸಾವಿತ್ರಿಯವರು ಜೊತೆಗೂಡಿ ಕುರಿಯ ಕಿಣ್ವದ ಅಮೈನೋ ಆಮ್ಲಗಳ ಅನುಕ್ರಮ ನಿರ್ಣಯವಾಯಿತು. ೨೦೦೦ದ ಸಮೀಕ್ಷೆಯೊಂದರಲ್ಲಿ ಈ ತಂಡವು ಕ್ಯಾನ್ಸರ್ ಚಿಕಿತ್ಸೆಗೆ ಈ ಕಿಣ್ವವೂ ಗುರಿಯಾಗಬಹುದೆಂದು ವಾದಿಸಿತು. ೨೦೦೨ರಲ್ಲಿ ಲಖನೌ ವಿಜ್ಞಾನಿಗಳೊಡನೆ ಬ್ಯಾಕ್ಟೀರಿಯಾ ಒಂದರ ಕಿಣ್ವದ ಸ್ಫಟಿಕರಚನೆ ಹೊರಬಂದಿತು.

ದಕ್ಷಿಣ ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಮೆಥೊಟ್ರೆಕ್ಸೇಟು ಇಂದು ನಿತ್ಯದ ಔಷಧ. ಮೂರನೆಯ ಕಿಣ್ವವನ್ನೇ ಗುರಿಯಾಗಿಸಿ ರಚಿಸಿದ ಔಷಧವು ಮಾತ್ರ ಇನ್ನೂ ಚಿಕಿತ್ಸೆಯ ರೂಢಿಗೆ ಬಂದಿಲ್ಲ.